ಕುಡಿತ ಬಿಡಬಯಸುವವರಿಗೆ ಸಭೆಗಳ ವಿವರ ಸಿಗಲಿ

ಮಾನ್ಯ ಸಂಪಾದಕರೇ,

ಕುಡಿತದ ದುಷ್ಪರಿಣಾಮಗಳ ಬಗ್ಗೆ ಪತ್ರಿಕೆಗಳಲ್ಲಿ ಸಾಕಷ್ಟು ಬರಹಗಳು ಪ್ರಕಟವಾಗುತ್ತವೆ. ಆದರೆ ಬಿಡಬೇಕೆಂದು ಮನಸ್ಸು ಮಾಡಿದ ವ್ಯಕ್ತಿ ಮೊದಲು ಯಾರ ಬಳಿಗೆ ಹೋಗಬೇಕೆಂಬ ಮಾಹಿತಿ ಮಾತ್ರ ವಿರಳ. ಸ್ವತಃ ಈ ವ್ಯಸನದಿಂದ ಬಳಲಿದ್ದ ಬಿಲ್ ವಿಲ್ಸನ್ ಮತ್ತು ವೈದ್ಯ ಬಾಬ್ ಸ್ಮಿತ್ ಅವರು 1935ರಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ ಆರಂಭಿಸಿದ, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಬಳಗದ ಸಭೆಗಳು ಇಂದು ಅನೇಕ ದೇಶಗಳಲ್ಲಿ ನಡೆಯುತ್ತಿವೆ. ಅಲ್ಲಿ ಸದಸ್ಯತ್ವ ಶುಲ್ಕವಿಲ್ಲ. ಕುಡಿತ ನಿಲ್ಲಿಸುವ ಬಯಕೆಯೊಂದೇ ಅರ್ಹತೆ.

ಮೊದಲ ಸಭೆಯ ಬಾಗಿಲಲ್ಲಿ ಅನೇಕರನ್ನು ಹಿಂದಕ್ಕೆಳೆಯುವುದು ನಾಚಿಕೆ. ಪೂರ್ಣ ಹೆಸರು ಹೇಳಬೇಕಾಗಿಲ್ಲ, ಮಾತನಾಡಲೇಬೇಕೆಂಬ ಒತ್ತಾಯವೂ ಇಲ್ಲ, ಸುಮ್ಮನೆ ಕುಳಿತು ಇತರರ ಅನುಭವ ಕೇಳಿ ಎದ್ದು ಬರಬಹುದು ಎಂಬುದು ಮೊದಲೇ ತಿಳಿದಿದ್ದರೆ ಆ ಹೊಸ್ತಿಲು ದಾಟುವುದು ಎಷ್ಟೋ ಸುಲಭವಾಗುತ್ತದೆ. ಜೊತೆಗೆ ಬರುವವರಿದ್ದರೆ ಎಲ್ಲರಿಗೂ ಪ್ರವೇಶವಿರುವ ಮುಕ್ತ ಸಭೆಯನ್ನೇ ವಿಚಾರಿಸಿ ಹೋಗುವುದು ಒಳಿತು. ಒಂದು ಗುಂಪು ಹಿಡಿಸದಿದ್ದರೆ ಇನ್ನೊಂದಕ್ಕೆ ಹೋಗಬಹುದು. ಒಂದೇ ಭೇಟಿಯಲ್ಲಿ ನಿರಾಶರಾಗಿ ಕೈಬಿಡುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಮನೆಯವರಿಗಾಗಿಯೇ ಅಲ್-ಅನಾನ್ ಎಂಬ ಪ್ರತ್ಯೇಕ ಗುಂಪುಗಳಿವೆ.

ಆದರೆ ಬಹುಕಾಲ ವಿಪರೀತ ಕುಡಿದವರು ದಿಢೀರನೆ ನಿಲ್ಲಿಸಿದರೆ ನಡುಕ, ಭ್ರಮೆ, ಸೆಳವು ಉಂಟಾಗಿ ಪ್ರಾಣಕ್ಕೇ ಅಪಾಯವಾಗಬಹುದು. ಅಂಥವರು ಮೊದಲು ವೈದ್ಯರನ್ನು ಕಾಣಲೇಬೇಕು. ಸಭೆಯು ಚಿಕಿತ್ಸೆಗೆ ಪೂರಕವೇ ಹೊರತು ಬದಲಿಯಲ್ಲ.

ಇಂತಹ ಸಭೆಗಳ ಸ್ಥಳ, ಸಮಯ ಮತ್ತು ಆನ್‌ಲೈನ್ ಸಭೆಗಳ ವಿವರಗಳನ್ನು ತಮ್ಮ ಪತ್ರಿಕೆಯು ವಾರಕ್ಕೊಮ್ಮೆಯಾದರೂ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

– ಓರ್ವ ಓದುಗ