ಗುರುವಾರ ಬೆಂಕಿ ಸುರಕ್ಷತೆ ತಪಾಸಣೆ, ಮೆಟ್ಟಿಲು ಖಾಲಿ ಮಾಡಿ

ಎಲ್ಲರಿಗೂ ನಮಸ್ಕಾರ,

ಬರುವ ಗುರುವಾರ ಬೆಳಿಗ್ಗೆ 10ಕ್ಕೆ ನಮ್ಮ ಕಟ್ಟಡದಲ್ಲಿ ಬೆಂಕಿ ಸುರಕ್ಷತೆಯ ತಪಾಸಣೆ ಇದೆ. ಎಲ್ಲ ಮಹಡಿಗಳನ್ನೂ ನೋಡುತ್ತಾರೆ. ಮನೆಯೊಳಗೆ ಬರುವುದಿಲ್ಲ.

ದೊಡ್ಡ ತಲೆನೋವು ಮೆಟ್ಟಿಲಿನದು. ನಿನ್ನೆ ಸಂಜೆ ಮೇಲಿನಿಂದ ಕೆಳಗೆ ನಡೆದು ನೋಡಿದೆ. ಸೈಕಲ್, ಹಳೇ ಪೇಪರ್ ಕಟ್ಟು, ಚಪ್ಪಲಿ ಸ್ಟ್ಯಾಂಡ್, ಒಂದು ಕಡೆ ಹಾಸಿಗೆ ಕೂಡ! ಬೆಂಕಿ ಬಿದ್ದಾಗ ಲಿಫ್ಟ್ ಬಳಸುವ ಹಾಗಿಲ್ಲ, ಇಳಿಯಲು ಇರುವುದು ಇದೊಂದೇ ದಾರಿ ಅಲ್ವಾ? ಹೊಗೆ ತುಂಬಿದರೆ ಎದುರಿಗಿರುವುದೂ ಕಾಣುವುದಿಲ್ಲ. ಆಗ ಒಂದು ಚಪ್ಪಲಿ ಸ್ಟ್ಯಾಂಡ್ ಎಡವಿದರೂ ಹಿಂದಿನವರೆಲ್ಲ ಬೀಳುತ್ತಾರೆ. ಬುಧವಾರ ರಾತ್ರಿಯೊಳಗೆ ಎಲ್ಲವನ್ನೂ ಒಳಗೆ ಇಟ್ಟುಕೊಳ್ಳಿ.

ಮೆಟ್ಟಿಲ ಬಳಿಯ ಫೈರ್ ಡೋರ್‌ಗೆ ಗಾಳಿ ಬರಲಿ ಅಂತ ಇಟ್ಟಿಗೆ ಕೊಡಬೇಡಿ. ಮುಚ್ಚಿದ್ದರೆ ಮಾತ್ರ ಅದು ಹೊಗೆ ತಡೆಯುತ್ತದೆ. ಹಾಗಂತ ಬೀಗವನ್ನೂ ಹಾಕಬೇಡಿ.

ಪ್ರತಿ ಮಹಡಿಯಿಂದ ಒಬ್ಬರು ಬೆಂಕಿ ಆರಿಸುವ ಸಿಲಿಂಡರ್ ನೋಡಿ, ಫೋಟೊ ಹಾಕಿ. ಒತ್ತಡ ತೋರಿಸುವ ಮೀಟರ್‌ನ ಮುಳ್ಳು ಹಸಿರು ಭಾಗದಲ್ಲಿರಬೇಕು, ಪಿನ್ ಮತ್ತು ಸೀಲ್ ಹಾಗೇ ಇರಬೇಕು. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್‌ಗೆ ಸಾಮಾನ್ಯವಾಗಿ ಮುಳ್ಳು ಇರುವುದಿಲ್ಲ, ಗಾಬರಿ ಬೇಡ. ಅದನ್ನು ತೂಕ ಮಾಡಿ ನೋಡುತ್ತಾರೆ. ಸುಮ್ನೆ ಪಿನ್ ಎಳೆದು ಪರೀಕ್ಷೆ ಮಾಡಬೇಡಿ, ದಯವಿಟ್ಟು.

11 ಗಂಟೆಗೆ ಅಲಾರಂ ಬಾರಿಸುತ್ತಾರೆ. ಮಕ್ಕಳಿಗೆ, ಹಿರಿಯರಿಗೆ ಮೊದಲೇ ಹೇಳಿಡಿ.

ಓದಿದವರು ಮಹಡಿ ಸಂಖ್ಯೆ ಬರೆದು 'ಸರಿ' ಅನ್ನಿ. ಮೆಟ್ಟಿಲಿಳಿಯಲು ಸಹಾಯ ಬೇಕಾದವರು ಮನೆಯಲ್ಲಿದ್ದರೆ ನನಗೆ ಪ್ರತ್ಯೇಕವಾಗಿ ಮೆಸೇಜ್ ಮಾಡಿ.