ಮಗಳಿಗೊಂದು ಪತ್ರ: ಹೂಂ ಅಂದವರ ಮಾರಿ ನೋಡು

ನವನಗರ, ಬಾಗಲಕೋಟೆ

ನನ್ನವ್ವಾ, ನಿನ್ನ ಅವ್ವನ ಆಶೀರ್ವಾದ.

ನಿನ್ನೆ ರಾತ್ರಿ ನೀನು ಫೋನ್ ಇಟ್ಟ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಹೇಳಬೇಕೆಂದದ್ದು ಬಾಯಿಗೆ ಬರಲಿಲ್ಲ, ಅದಕ್ಕೇ ಬರೆಯಲು ಕೂತೆ. ಹಾಳೆಯ ಫೋಟೋ ತೆಗೆದು ನಿನ್ನ ತಮ್ಮ ಕಳಿಸುತ್ತಾನೆ.

ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಡಿ ಇಳಿಯುವ ಸ್ಕೂಬಾ ಡೈವಿಂಗ್ ಕಲಿಸುವವರ ಪರೀಕ್ಷೆಗೆಂದು, ಒಂದು ತಿಂಗಳಿಂದ ನೀನು ಅಂಡಮಾನಿನ ಸ್ವರಾಜ್ ದ್ವೀಪದಲ್ಲಿ ಕೂತು ದಿನಾ ನನಗೆ ಪಾಠ ಒಪ್ಪಿಸುತ್ತಿದ್ದೀ. ಭೌತಶಾಸ್ತ್ರ, ಶರೀರಶಾಸ್ತ್ರ, ಸಲಕರಣೆ, ಡೈವ್ ಲೆಕ್ಕ ಅಂತೆಲ್ಲ ಐದು ವಿಷಯ, ಒಂದೊಂದರಲ್ಲೂ ನೂರಕ್ಕೆ 75 ಬರಲೇಬೇಕು. ಆ ಭಯ ನನಗಿಲ್ಲ. ನೂರು ಡೈವ್ ಮುಗಿಸಿ ಲಾಗ್‌ಬುಕ್ ತುಂಬಿಸಿದವಳು ನೀನು, ಲೆಕ್ಕದಲ್ಲಿ ಸೋಲುವುದಿಲ್ಲ. ನೀನು ಒಪ್ಪಿಸಿದ್ದು ನನಗೇ ಬಾಯಿಪಾಠವಾಗಿದೆ. ರೊಟ್ಟಿ ಬಡಿಯುವಾಗ ತಲೆಯಲ್ಲಿ ಅದೇ ಓಡುತ್ತದೆ: ಹತ್ತು ಮೀಟರ್ ಇಳಿದರೆ ಒತ್ತಡ ಎರಡು ಪಟ್ಟು, ಮೇಲಿನಿಂದ ಒಯ್ದ ಬಲೂನು ಅಲ್ಲಿ ಅರ್ಧ.

ನಮ್ಮ ಕಡೆ ಬಾವಿಗೆ ಹಾರುವ ಹುಡುಗರಿಗೆ ಮೊದಲು ಹೇಳುವುದೇ "ಉಸಿರು ಬಿಗಿ ಹಿಡಿ" ಅಂತ. ನೀವು ಮೊದಲು ಹೇಳುವುದು "ಉಸಿರು ಹಿಡಿಯಲೇಬೇಡ" ಅಂತ. ಇದು ಹೇಗೆ ಅಂತ ಎರಡು ದಿನ ನಿನ್ನ ಜೀವ ತಿಂದಿದ್ದೆ, ನೆನಪಿದೆಯೇ? ಬಾವಿಗೆ ಹಾರುವವನು ಉಸಿರನ್ನು ಮೇಲಿನಿಂದಲೇ ಒಯ್ಯುತ್ತಾನೆ. ಅದು ಕೆಳಗೆ ಕುಗ್ಗಿ, ಮೇಲೆ ಬಂದಾಗ ಇದ್ದಷ್ಟೇ ಆಗುತ್ತದೆ. ಸಿಲಿಂಡರಿನವನು ಕೆಳಗೇ ಉಸಿರು ತುಂಬಿಕೊಳ್ಳುತ್ತಾನೆ. ಹತ್ತು ಮೀಟರಿನಲ್ಲಿ ಎಳೆದ ಉಸಿರು ಬಿಗಿಹಿಡಿದು ಮೇಲೆ ಬಂದರೆ ಅದು ಇಮ್ಮಡಿಯಾಗಿ ಶ್ವಾಸಕೋಶ ಹರಿಯುತ್ತದೆ. ನಮ್ಮ ಕಡೆಯ ಹುಡುಗರು ನಿನ್ನ ಹತ್ತಿರ ಕಲಿಯಲು ಬಂದರೆ ಇದನ್ನೇ ಮೊದಲು ಬಿಡಿಸಿ ಹೇಳು. ಈಸು ಚೆನ್ನಾಗಿ ಬಲ್ಲವನಿಗೇ ಉಸಿರು ಹಿಡಿಯುವ ರೂಢಿ ಗಟ್ಟಿ ಇರುತ್ತದೆ.

ನಿನ್ನೆ ಹೇಳಲಾಗದ್ದು ಇದಲ್ಲ. ನೀರಿನ ಪಾಠದ ಪರೀಕ್ಷೆಯಲ್ಲಿ ವಿದ್ಯಾರ್ಥಿಗಳ ಪಾತ್ರ ಮಾಡುವವರಿಗೆ ಇಂಥ ತಪ್ಪು ಮಾಡು ಎಂದು ಪರೀಕ್ಷಕರೇ ಸನ್ನೆ ಮಾಡಿರುತ್ತಾರೆ, ಅದನ್ನು ಹಿಡಿದು ತಿದ್ದಬೇಕಾದವಳು ನೀನು ಅಂದಿದ್ದೀ. ಮಾಸ್ಕಿನ ನೀರು ತೆಗೆಯುವಾಗ ಮೂಗಿನ ಬದಲು ಬಾಯಿಂದ ಊದುವವನನ್ನು ನೀನು ಹಿಡಿದೇ ಹಿಡಿಯುತ್ತೀ. ಆದರೆ ಹೆದರಿದವರು ಹಾಗೆ ಎದ್ದು ಕಾಣುವ ತಪ್ಪು ಮಾಡುವುದಿಲ್ಲ, ಮಗಳೇ. ಅವರು ತಲೆಯಾಡಿಸುತ್ತಾರೆ.

ನಿನಗೆ ಇದುವರೆಗೆ ಹೇಳಿರಲಿಲ್ಲ. ನನಗಾಗ ಒಂಬತ್ತು ವರ್ಷ. ಬೀಳಗಿ ಕಡೆಯ ನಮ್ಮೂರ ಹೊಲದ ಬಾವಿ. ಬೆನ್ನಿಗೆ ಖಾಲಿ ಎಣ್ಣೆಡಬ್ಬಿ, ನಡುವಿಗೆ ಹಗ್ಗ. ಮೂರು ದಿನ ಚಲೋ ಈಸಿದ್ದೆ. ನಾಲ್ಕನೆಯ ದಿನ ಕಾಕಾ ಡಬ್ಬಿ ಬಿಚ್ಚಿ, "ಹಗ್ಗಾ ಬಿಡ್ಲೇನು?" ಅಂತ ಕೇಳಿದರು. ನನ್ನ ಎದೆ ಡವಡವ ಅನ್ನುತ್ತಿತ್ತು, ಕಾಲು ಕಲ್ಲಾಗಿದ್ದವು. ಆದರೂ "ಹೂಂ" ಅಂದೆ. ಮೆಟ್ಟಿಲ ಮೇಲೆ ಅಣ್ಣಂದಿರೆಲ್ಲ ನೋಡುತ್ತಿದ್ದರು, ಒಲ್ಲೆ ಅನ್ನಲು ನಾಚಿಕೆ. ಅವರು ಬಿಟ್ಟರು. ಎರಡು ಸಲ ಮುಳುಗಿದೆ. ಎತ್ತಿದರು, ಏನೂ ಆಗಲಿಲ್ಲ. ಆದರೆ ಅಂದಿನಿಂದ ಇಂದಿನವರೆಗೆ ಮೊಣಕಾಲಿನ ಮೇಲೆ ನೀರು ಬಂದರೆ ನಾನು ನಿಲ್ಲಲಾರೆ. ಆ ಊರು, ಆ ಬಾವಿ ಎಲ್ಲ ಆಲಮಟ್ಟಿಯ ಹಿನ್ನೀರಿನಡಿ ಹೋದವು, ನನ್ನ ಹೆದರಿಕೆ ಮಾತ್ರ ಹೋಗಲಿಲ್ಲ.

ಕಾಕಾ ಕೆಟ್ಟವರಲ್ಲ. ಅವರು ನನ್ನ ಮಾತು ಕೇಳಿದರು, ಮಾರಿ ನೋಡಲಿಲ್ಲ.

ನೀರಿನಡಿ ಮಾತೂ ಇಲ್ಲ. ಹೆಬ್ಬೆರಳು, ತೋರುಬೆರಳು ಕೂಡಿಸಿ ಸುತ್ತು ಮಾಡಿದರೆ ಓಕೆ ಅಂತ ಅಲ್ಲವೇ? ಹೆಬ್ಬೆರಳು ಎತ್ತಿದರೆ ಮೇಲೆ ಹೋಗೋಣ ಅಂತ. ನಮ್ಮಲ್ಲಿ ಹೆಬ್ಬೆರಳು ಎತ್ತಿದರೆ ಚಲೋ ಅಂತಲೇ ಅರ್ಥ, ಇದನ್ನೂ ಇಳಿಯುವ ಮೊದಲೇ ತಿಳಿಸಿ ಹೇಳು. ಯಾರಾದರೂ ಓಕೆ ತೋರಿಸಿದಾಗ ಬೆರಳಷ್ಟೇ ನೋಡಬೇಡ. ಕಣ್ಣು ಅಗಲವಾಗಿವೆಯೇ, ಗುಳ್ಳೆಗಳು ಒಂದರ ಮೇಲೊಂದು ಬರುತ್ತಿವೆಯೇ, ಕೈ ಹಗ್ಗವನ್ನು ಬಿಗಿಯಾಗಿ ಹಿಡಿದಿದೆಯೇ, ಅದನ್ನು ನೋಡು. ಸಮುದ್ರದಲ್ಲಿ ಕಲಿಸುವವರೊಬ್ಬರ ಹಿಂದೆ ಎಂಟು ಮಂದಿಯವರೆಗೂ ಬರಬಹುದು ಅಂದಿದ್ದೀ. ಎಂಟರಲ್ಲಿ ಒಬ್ಬಳಾದರೂ ನನ್ನಂಥವಳು ಇರುತ್ತಾಳೆ. ಎಲ್ಲರೆದುರು ಅವಳನ್ನು ಕೇಳಬೇಡ, ಪಕ್ಕಕ್ಕೆ ಕರೆದು ಕೇಳು. ಅವತ್ತು ಒಲ್ಲೆ ಅಂದರೆ ಅವತ್ತು ಬೇಡ.

ಪರೀಕ್ಷೆ ಮುಗಿದ ರಾತ್ರಿಯೇ ವಿಮಾನ ಹತ್ತುವ ಆತುರ ಮಾಡಬೇಡ, ಡೈವ್ ಮಾಡಿದ ಮೇಲೆ 18 ತಾಸು ಬಿಡಬೇಕೆಂದು ನೀನೇ ಹೇಳಿದ್ದು. ಶೇಂಗಾಹಿಂಡಿ ಕೊರಿಯರ್‌ಗೆ ಹಾಕಿದ್ದೇನೆ.

ಇನ್ನೊಂದು. ನಿನ್ನೆ ನಿನ್ನ ದನಿ ಕಟ್ಟಿತ್ತು. ಕೇಳಿದರೆ ಏನಿಲ್ಲ ಅಂದೆ. ನೆಗಡಿಯಿದ್ದರೆ ಕಿವಿಯೊಳಗಿನ ಒತ್ತಡ ಸರಿಹೋಗುವುದಿಲ್ಲ, ಇಳಿಯಬಾರದು ಅಂತ ನನಗೆ ಕಲಿಸಿದವಳು ನೀನು. ಪರೀಕ್ಷೆಯ ದಿನಕ್ಕೂ ಮೂಗು ಬಿಡದಿದ್ದರೆ ಪರೀಕ್ಷಕರಿಗೆ ಬಾಯಿಬಿಟ್ಟು ಹೇಳು. ಮುಂದಿನ ಸಲದ ತಾರೀಖು ಸಿಕ್ಕರೂ ಆದೀತು. ಸುಮ್ಮನೆ ಹೂಂ ಅನ್ನಬೇಡ.

ನಿನ್ನ ಅವ್ವ