ಮಗಳಿಗೊಂದು ಪತ್ರ: ತಲಕಾವೇರಿ ದಾರಿಯ ಹದ್ದುಗಳು

ಪ್ರೀತಿಯ ಮಗಳೇ,

ಡಿಸೆಂಬರ್‌ನಲ್ಲಿ ಗೆಳತಿಯರ ಜೊತೆ ಮಡಿಕೇರಿಯಿಂದ ತಲಕಾವೇರಿಗೆ ಹದ್ದು ನೋಡುತ್ತಾ ಹೋಗ್ತೀನಿ ಅಂದೆಯಲ್ಲ, ದಾರಿ ಚೆನ್ನಾಗಿಯೇ ಆರಿಸಿದ್ದೀ. ಬೆಳಿಗ್ಗೆ ಪಶ್ಚಿಮಕ್ಕೆ ಹೋಗುವಾಗ ಬಿಸಿಲು ಬೆನ್ನಿಗಿರುತ್ತದೆ, ಸಂಜೆ ಮರಳುವಾಗಲೂ ಬೆನ್ನಿಗೇ. ಎದುರು ಬಿಸಿಲಲ್ಲಿ ಯಾವ ಹಕ್ಕಿಯೂ ಕಪ್ಪಾಗಿಯೇ ಕಾಣುತ್ತದೆ.

ಕತ್ತಲಲ್ಲೇ ಹೊರಡಬೇಡ. ದೊಡ್ಡ ಹದ್ದುಗಳು ರೆಕ್ಕೆ ಬಡಿದು ಸುಸ್ತಾಗಲು ಹೋಗುವುದಿಲ್ಲ. ಮಂಜು ಕರಗಿ, ಗುಡ್ಡ ಕಾದು, ಬಿಸಿಗಾಳಿ ಮೇಲೆದ್ದ ಮೇಲೆ ಅದರ ಮೇಲೇರುತ್ತವೆ. 9ರಿಂದ 11.30 ಒಳ್ಳೆಯ ಹೊತ್ತು. ಅದಕ್ಕೆ ಮೊದಲು ಆಕಾಶ ಬಿಟ್ಟು ಗದ್ದೆಯಂಚಿನ ಒಣಮರ, ತೋಟದ ಸಿಲ್ವರ್ ಓಕ್ ತುದಿಗಳನ್ನು ನೋಡು. ಹಾವುಹದ್ದು ಅಲ್ಲಿ ಕೂತಿರುತ್ತದೆ: ದಪ್ಪ ತಲೆ, ಹಳದಿ ಮುಖ, ಹೊಟ್ಟೆಯ ಮೇಲೆ ಬಿಳಿ ಚುಕ್ಕೆ. ಕಾರಿನ ಬಾಗಿಲು ತೆಗೆದರೆ ಹಾರಿಹೋಗುತ್ತದೆ, ಕಿಟಕಿ ಇಳಿಸಿದರೆ ಕೂತೇ ಇರಬಹುದು. ಎಂಜಿನ್ ಆಫ್ ಮಾಡು, ಇಲ್ಲದಿದ್ದರೆ ಅದರ ನಡುಕ ಬೈನಾಕ್ಯುಲರ್‌ಗೆ ಬರುತ್ತದೆ. ಬಟ್ಟೆ ಚೀಲಕ್ಕೆ ಅರ್ಧ ಕೆಜಿ ಅಕ್ಕಿ ತುಂಬಿ ಕಿಟಕಿಯಂಚಿಗಿಟ್ಟರೆ ಕೈಗೆ ಆಸರೆ. ಬೈನಾಕ್ಯುಲರ್ 8x42 (ಎಂಟು ಪಟ್ಟು ದೊಡ್ಡದಾಗಿ ತೋರಿಸುವ, 42 ಮಿ.ಮೀ. ಗಾಜಿನದು) ಸಾಕು, 10 ಪಟ್ಟಿನದು ಕೈಯಲ್ಲಿ ಅಲುಗಾಡುತ್ತದೆ. ಎ.ಸಿ. ಮೊದಲೇ ಆರಿಸು, ತಣ್ಣಗಾದ ಗಾಜು ಹೊರಗಿನ ತೇವಕ್ಕೆ ಮಸುಕಾಗುತ್ತದೆ.

ಹಾರುವ ಹಕ್ಕಿಯಲ್ಲಿ ಬರೀ ಬಣ್ಣ ಹುಡುಕಬೇಡ, ಬಾಲದ ಆಕಾರ, ರೆಕ್ಕೆ ಹಿಡಿದ ರೀತಿಯನ್ನೂ ನೋಡು. ಬಾಲ ಕವಲಾಗಿದ್ದರೆ ಊರ ಹದ್ದು. ತಲೆ-ಎದೆ ಬಿಳಿ, ಉಳಿದದ್ದು ಕೆಂಗಂದು, ಬಾಲ ದುಂಡಗಿದ್ದರೆ ಗರುಡ. ರೆಕ್ಕೆಯಡಿ ಅಗಲವಾದ ಬಿಳಿ ಪಟ್ಟೆ, ಜೊತೆಗೆ ಸಿಳ್ಳಿನಂಥ ಕೂಗು ಇದ್ದರೆ ಹಾವುಹದ್ದು.

ಈ ದಾರಿಗೆ ಹೋಗುವುದೇ ಕರಿಹದ್ದಿಗಾಗಿ ಅಂತ ನನಗನಿಸುತ್ತದೆ. ಅದು ಎತ್ತರದಲ್ಲಿ ಸುತ್ತುವುದಕ್ಕಿಂತ ಹೆಚ್ಚಾಗಿ ಕಾಡಿನ ಮೇಲ್ಛಾವಣಿಗೆ ತಾಗುವಷ್ಟು ಕೆಳಗೆ, ನಿಧಾನವಾಗಿ ತೇಲುತ್ತದೆ. ಹುಡುಕುತ್ತಿರುವುದು ಬೇರೆ ಹಕ್ಕಿಗಳ ಗೂಡು, ಮೊಟ್ಟೆ, ಮರಿ. ಆ ನಿಧಾನಕ್ಕೆ ರೆಕ್ಕೆಯೇ ಕಾರಣ: ಬುಡದಲ್ಲಿ ಕಿರಿದು, ತುದಿಗೆ ಅಗಲ, ಕೊನೆಯ ಗರಿಗಳು ಬೆರಳು ಬಿಡಿಸಿದಂತೆ. ಎರಡೂ ರೆಕ್ಕೆ ಸ್ವಲ್ಪ ಮೇಲೆತ್ತಿಕೊಂಡಿರುತ್ತದೆ. ಭಾಗಮಂಡಲ ದಾಟಿ 8 ಕಿ.ಮೀ. ಏರುವಾಗ ಕೆಲವು ಕಡೆ ರಸ್ತೆ ಮೇಲೆ, ಕಾಡು ಕೆಳಗೆ. ಅಲ್ಲಿ ಹಕ್ಕಿ ನಿನ್ನ ಕಣ್ಣಿಗಿಂತ ತಗ್ಗಿನಲ್ಲಿ ಸಾಗಿದರೆ ಹಸಿರಿನ ಮೇಲೆ ಕಪ್ಪು ಬೆನ್ನು, ಕೊಕ್ಕಿನ ಬುಡದ ಹಳದಿ ಎಲ್ಲ ಸ್ಪಷ್ಟ. ಕಾಜಾಣಗಳು ಇದ್ದಕ್ಕಿದ್ದಂತೆ ಗಲಾಟೆ ಎಬ್ಬಿಸಿ ಮೇಲಿಂದ ಎರಗುತ್ತಿದ್ದರೆ ಅವು ಅಟ್ಟುತ್ತಿರುವುದು ಯಾರನ್ನು ಅಂತ ನೋಡು.

ಗಾಡಿ ಓಡಿಸುವವಳು ಆಕಾಶ ನೋಡಕೂಡದು. ಕಾಫಿ ಕೊಯ್ಲಿನ ಕಾಲ, ತಿರುವಿನಾಚೆಯಿಂದ ಪಿಕಪ್ ಬರುತ್ತದೆ. ನಾಲ್ಕೂ ಚಕ್ರ ರಸ್ತೆಯಿಂದ ಹೊರಗೆ ಹೋಗುವ ಜಾಗದಲ್ಲಿ ಮಾತ್ರ ನಿಲ್ಲಿಸು, ತಿರುವಿನಲ್ಲಿ ಬೇಡವೇ ಬೇಡ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದೂ ಬೇಡ. ಹಾವುಹದ್ದು ಇಡುವುದು ಸಾಮಾನ್ಯವಾಗಿ ಒಂದೇ ಮೊಟ್ಟೆ, ಆ ಕೂಗನ್ನು ಎದುರಾಳಿ ಅಂದುಕೊಂಡು ಅದರ ಹಿಂದೆ ಹೋದಷ್ಟು ಹೊತ್ತು ಗೂಡು ಬರಿದು.

ತಲಕಾವೇರಿ ಮಂಜಿನಲ್ಲಿ ಮುಚ್ಚಿದ್ದರೆ ಭಾಗಮಂಡಲಕ್ಕೆ ಇಳಿದು ಅರ್ಧ ಗಂಟೆ ಕಾಯಿರಿ. ಮಂಜು ಸೀಳಿ ಬಿಸಿಲು ಬಿದ್ದ ಕೂಡಲೇ ಮತ್ತೆ ಹತ್ತಿ, ಮೊದಲು ಏಳುವ ಹಕ್ಕಿಗಳು ಆಗಲೇ ಸಿಗುವುದು.

ನಿನ್ನ ಅಮ್ಮ